ಉತ್ತರ ಯುರೋಪಿನ ಮಕ್ಕಳ ಪುಸ್ತಕಗಳು: ಎಲ್ಲಿಂದ ಶುರು ಮಾಡೋದು?

ಪ್ರಶ್ನೆ
ಮಗಳಿಗೆ ಏಳು ವರ್ಷ, ಮಗನಿಗೆ ಹದಿನಾಲ್ಕು. ಸ್ವೀಡನ್, ಫಿನ್‌ಲೆಂಡ್, ನಾರ್ವೆ ಕಡೆಯ ಪುಸ್ತಕ ಓದಿಸಬೇಕೆಂದಿದ್ದೇನೆ. ಮೂಮಿನ್ ಎಂಬ ಕಾಲ್ಪನಿಕ ಜೀವಿಗಳ ಕುಟುಂಬದ ಕಥಾ ಸರಣಿಯನ್ನು ಮೊದಲ ಪುಸ್ತಕದಿಂದಲೇ ಹಿಡಿಯಬೇಕಾ?

ಓದುಗ_೧
ಬೇಡ. ಮೂಮಿನ್ ಲೇಖಕಿ, ಫಿನ್‌ಲೆಂಡಿನ ಟೂವೆ ಯಾನ್ಸನ್ ಅವರ 1945ರ ಮೊದಲ ಪುಸ್ತಕ ತೆಳುವಾದದ್ದು, ಪಾತ್ರಗಳು ಇನ್ನೂ ಪೂರ್ತಿ ಮೂಡಿಲ್ಲ. 1948ರ ಮಾಂತ್ರಿಕನ ಟೋಪಿಯ ಕಥೆಯಿಂದ ಶುರು ಮಾಡಿ. ಅಧ್ಯಾಯಗಳು ಹೆಚ್ಚುಕಡಿಮೆ ಬಿಡಿ ಕಥೆಗಳಂತಿವೆ, ರಾತ್ರಿಗೊಂದು ಓದಿ ಹೇಳಬಹುದು. 1957ರ ಚಳಿಗಾಲದ ಪುಸ್ತಕ ಅದ್ಭುತ, ಆದರೆ ಒಂಟಿತನದ್ದು. ಎರಡು ವರ್ಷ ಬಿಟ್ಟು ಕೊಡಿ. 1970ರ ಕೊನೆಯದರಲ್ಲಿ ಮೂಮಿನ್ ಕುಟುಂಬವೇ ಮನೆಯಲ್ಲಿರುವುದಿಲ್ಲ. ಅವರಿಗಾಗಿ ಕಾಯುವ ಮಗು ಬೇಸತ್ತು ಪುಸ್ತಕ ಮುಚ್ಚಿಬಿಡುತ್ತದೆ.

ಪುಟತಿರುವು
ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರ ಪುಸ್ತಕಗಳನ್ನು ಬಿಡಬೇಡಿ. ಏಳಕ್ಕೆ ಪಿಪ್ಪಿ ಎಂಬ ತುಂಟ ಹುಡುಗಿಯ ಕಥೆ (1945) ಸರಿ. ಆದರೆ ಅದೇ ಲೇಖಕಿಯದೆಂದು ಲಯನ್‌ಹಾರ್ಟ್ ಸೋದರರ ಕಥೆಯನ್ನು (1973) ಕೂಡಲೇ ಕೈಗಿಡಬೇಡಿ: ಆರಂಭದಲ್ಲೇ ಇಬ್ಬರು ಅಣ್ಣತಮ್ಮಂದಿರೂ ಸಾಯುತ್ತಾರೆ. ಮೊದಲ ಕೆಲವು ಅಧ್ಯಾಯ ನೀವೇ ಓದಿಕೊಂಡು, ಆಮೇಲೆ ಜೊತೆಗೆ ಕೂತು ಓದಿ. ನಡುವಿನ ಮೆಟ್ಟಿಲಾಗಿ ರೋನ್ಯ (1981) ಇದೆ: ಜಗಳವಾಡುವ ಎರಡು ದರೋಡೆಕೋರ ಗುಂಪುಗಳು, ಅವುಗಳ ಮಕ್ಕಳ ಗೆಳೆತನ.

ಓದುಗ_೩
ಮಗನಿಗೆ ನಾರ್ವೆಯ ಯೂಸ್ಟೈನ್ ಗಾರ್ಡರ್ ಅವರ ಸೋಫಿಯ ಜಗತ್ತು (1991): ತತ್ವಶಾಸ್ತ್ರದ ಇತಿಹಾಸವನ್ನು ಕಥೆಯಾಗಿ ಹೇಳುವ ಕಾದಂಬರಿ. ಡೆಕಾರ್ಟ್‌ನಿಂದ ಹ್ಯೂಮ್‌ವರೆಗೆ ಒಬ್ಬರ ಹಿಂದೊಬ್ಬರು ತತ್ವಜ್ಞಾನಿಗಳು ಬರುವಲ್ಲಿ ತುಂಬ ಜನ ನಿಲ್ಲಿಸುತ್ತಾರೆ, ಏಕೆಂದರೆ ಅಲ್ಲಿ ಕಥೆ ಸೊರಗಿ ಪಾಠ ಹೆಚ್ಚುತ್ತದೆ. ಒಂದು ಸಲಕ್ಕೆ ಒಂದೇ ಅಧ್ಯಾಯ ಸಾಕು; ಹ್ಯೂಮ್ ನಂತರದ ತತ್ವಜ್ಞಾನಿ ಬರ್ಕ್ಲಿಯ ಅಧ್ಯಾಯ ತಲುಪಿದರೆ ಕಥೆಯೇ ಮಗುಚಿಕೊಳ್ಳುತ್ತದೆ. ದಯವಿಟ್ಟು ಅದಕ್ಕೆ ಮೊದಲು ಸಾರಾಂಶ ಎಲ್ಲೂ ಓದಿಸಬೇಡಿ.