ಮುಂಬೈಗೆ ಎರಡೂವರೆ ದಿನ, ಜೊತೆಗೆ ಮಿಲ್ಲಿನಲ್ಲಿ ದುಡಿದ ಅಪ್ಪ: ಎಲ್ಲಿಗೆ ಕರ್ಕೊಂಡು ಹೋಗ್ಲಿ?

ಬೆಣ್ಣೆದೋಸೆ:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಒಂದು ಶನಿವಾರ ಬೆಳಗ್ಗೆ ದಾವಣಗೆರೆಯಿಂದ ದಾದರ್‌ಗೆ ಬಂದಿಳಿಯುತ್ತೇವೆ. ಸೋಮವಾರ ರಾತ್ರಿ ವಾಪಸ್. ಟಿಕೆಟ್ ಇನ್ನೂ ತೆಗೆದಿಲ್ಲ. ನಾನು, ಒಂಬತ್ತು ವರ್ಷದ ಮಗಳು, ಎಪ್ಪತ್ತೆರಡು ವರ್ಷದ ಅಪ್ಪ. ಉಳಿಯುವುದೂ ದಾದರ್‌ನಲ್ಲೇ.

ಮಗಳಿಗೆ ಸಮುದ್ರ ಕಂಡರೆ ಸಾಕು. ಅಪ್ಪನದೇ ಯೋಚನೆ. ಇಲ್ಲಿನ ಕಾಟನ್ ಮಿಲ್ಲಿನಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ನೂಲು ತೆಗೆದವರು. ಕಿವಿ ಸ್ವಲ್ಪ ಮಂದ, ಮಂಡಿ ನೋವು, ಮಧ್ಯಾಹ್ನ ಅನ್ನ ಸಾರು ಇಲ್ಲದಿದ್ದರೆ ಊಟ ಮಾಡಿದ ಹಾಗೇ ಅಲ್ಲ. ಮುಂಬೈಯಲ್ಲಿ ಏನು ನೋಡಬೇಕು ಅಂತ ಕೇಳಿದರೆ 'ಅಲ್ಲಿನ ಮಿಲ್ಲು ನೋಡಬೇಕು' ಅಂದರು. ಮಿಲ್ಲು ಈಗ ಎಲ್ಲಿವೆ?

ನಾನು ಸುಮ್ನೆ ವಿಡಿಯೋ ನೋಡಿ ಹದಿನಾಲ್ಕು ಜಾಗದ ಪಟ್ಟಿ ಮಾಡಿದ್ದೇನೆ. ಶನಿವಾರ ಗೇಟ್‌ವೇ, ಮ್ಯೂಸಿಯಂ, ಮರೀನ್ ಡ್ರೈವ್. ಭಾನುವಾರ ಲೋಕಲ್ ರೈಲಿನಲ್ಲಿ ಸುತ್ತಾಟ, ಮಾಟುಂಗಾ. ಸೋಮವಾರ ಎಲಿಫೆಂಟಾ ದ್ವೀಪದ ಗುಹೆಗಳು. ಬರೆದು ಮುಗಿಸುವಷ್ಟರಲ್ಲಿ ನನಗೇ ಸುಸ್ತಾಯಿತು. ಅಲ್ಲಿರುವವರು ಯಾರಾದರೂ ಸರಿ ಮಾಡಿಕೊಡುತ್ತೀರಾ?

ಮಾಟುಂಗಾ ಮಾಣಿ:

ಪಟ್ಟಿಯಲ್ಲಿ ಜಾಗಗಳು ಸರಿ ಇವೆ, ವಾರಗಳು ಉಲ್ಟಾ ಆಗಿವೆ ಮಾರಾಯ್ರೆ. ಸೋಮವಾರ ಎಲಿಫೆಂಟಾ ಬಂದ್. ಮಾಟುಂಗಾದ ಹಳೆ ಹೋಟೆಲುಗಳಿಗೂ ಸುಮಾರು ಕಡೆ ಸೋಮವಾರವೇ ರಜೆ. ಭಾನುವಾರ ಲೋಕಲ್ ಲೈನಿನಲ್ಲಿ ಮೆಗಾಬ್ಲಾಕ್. ಅಂದರೆ ಹಳಿ ರಿಪೇರಿಗೆ ಅಂತ ಮಧ್ಯಾಹ್ನದ ಹೊತ್ತು ಕೆಲವು ಗಂಟೆ ಗಾಡಿಗಳನ್ನು ಅತ್ತಿತ್ತ ತಿರುಗಿಸುತ್ತಾರೆ, ಸಣ್ಣ ಸ್ಟೇಷನ್‌ಗಳಲ್ಲಿ ನಿಲ್ಲಿಸುವುದಿಲ್ಲ. ಮಾಟುಂಗಾದವರಿಗೆ ಇದು ವಾರವಾರದ ತಲೆನೋವು.

ಹಾಗಾಗಿ ಶನಿವಾರ ಸ್ನಾನ ಮಾಡಿ ಸೀದಾ ಮಾಟುಂಗಾಕ್ಕೆ ಬನ್ನಿ. ದಾದರ್‌ನಿಂದ ಸೆಂಟ್ರಲ್ ಲೈನಿನಲ್ಲಿ ಒಂದೇ ಸ್ಟೇಷನ್. ಆದರೆ ಸ್ಲೋ ಗಾಡಿಯೇ ಆಗಬೇಕು. ಪ್ಲಾಟ್‌ಫಾರ್ಮಿನ ಬೋರ್ಡಿನಲ್ಲಿ ಗಾಡಿಯ ಹೆಸರಿನ ಪಕ್ಕ ಇಂಗ್ಲಿಷಿನ 'ಎಸ್' ಇದ್ದರೆ ಸ್ಲೋ, 'ಎಫ್' ಇದ್ದರೆ ಫಾಸ್ಟ್. ಫಾಸ್ಟ್ ಗಾಡಿ ಮಾಟುಂಗಾದಲ್ಲಿ ನಿಲ್ಲುವುದಿಲ್ಲ. 1994ರಲ್ಲಿ ನನ್ನ ಅಮ್ಮ ಊರಿಂದ ಮೊದಲ ಸಲ ಬಂದಿದ್ದರು. ವಿಟಿಯಲ್ಲಿ (ಈಗ ಸಿಎಸ್‌ಎಂಟಿ) ಗಡಿಬಿಡಿಯಲ್ಲಿ ಫಾಸ್ಟ್ ಹತ್ತಿಸಿಬಿಟ್ಟೆ. ಏಳು ವರ್ಷ ಬೊಂಬಾಯಿಯಲ್ಲಿದ್ದ ನಾನೇ! ಅಮ್ಮನ ತೊಡೆ ಮೇಲೆ ಹಲಸಿನ ಹಪ್ಪಳದ ಡಬ್ಬ. ಮಾಟುಂಗಾ ಬೋರ್ಡು ಕಿಟಕಿಯಲ್ಲಿ ಕಂಡಿತು, ಹೋಯಿತು. ಇಳಿದದ್ದು ಕುರ್ಲಾದಲ್ಲಿ. 'ನಿನ್ನ ಊರು ನಿಲ್ಲುವುದೇ ಇಲ್ಲವಾ ಮಗಾ' ಅಂದರು ಅಮ್ಮ. ಇನ್ನೊಂದು ವಿಷಯ: ವೆಸ್ಟರ್ನ್ ಲೈನಿನಲ್ಲಿ ಮಾಟುಂಗಾ ರೋಡ್ ಅಂತ ಬೇರೆ ಸ್ಟೇಷನ್ ಇದೆ. ಅದಲ್ಲ.

ಈಸ್ಟ್ ಕಡೆ ಇಳಿದರೆ ಹೂವಿನ ಅಂಗಡಿ, ಬಾಳೆ ಎಲೆಯ ಕಟ್ಟು, ಕಾಫಿಪುಡಿ ವಾಸನೆ. ತಿಂಡಿಗೆ ಕಿಂಗ್ಸ್ ಸರ್ಕಲ್ ಹತ್ತಿರದ ಕೆಫೆ ಮದ್ರಾಸ್. 1940ರದ್ದು, ಹೆಸರು ಮದ್ರಾಸಾದರೂ ನಡೆಸುವುದು ನಮ್ಮ ಕಾಮತರ ಮನೆತನ. ಶನಿವಾರ ಎಂಟು ಗಂಟೆ ದಾಟಿದರೆ ಹೊರಗೆ ಕ್ಯೂ. ಮಧ್ಯಾಹ್ನದ ಊಟಕ್ಕೆ ಸ್ಟೇಷನ್ ಎದುರಿನ ಮಾರ್ಕೆಟ್ ಕಟ್ಟಡದಲ್ಲಿ ರಾಮಾ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ಇದೆ. ಬಾಳೆ ಎಲೆ ಊಟ ಅಂತಲೇ ಹೇಳಿ. ನಿಮ್ಮ ಅಪ್ಪ ಸಾರು ಮೂರು ಸಲ ಹಾಕಿಸಿಕೊಂಡರೂ ಯಾರೂ ಮುಖ ನೋಡುವುದಿಲ್ಲ. ಒಂದೇ ತೊಂದರೆ, ಮೊದಲ ಮಹಡಿ. ನಿಧಾನ ಹತ್ತಿಸಿ.

ಇನ್ನು ಮಿಲ್ಲು. ನಾನು 1987ರಲ್ಲಿ ಕುಂದಾಪುರದ ಕಡೆಯಿಂದ ಬಂದವನು. ಹಗಲು ಪರೇಲ್‌ನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವುದು, ಸಂಜೆ ಫೋರ್ಟಿನಲ್ಲಿ ಕನ್ನಡ ರಾತ್ರಿ ಶಾಲೆ. ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದ ಮಿಲ್ಲು ಮುಷ್ಕರ 1982ರ ಜನವರಿ 18ಕ್ಕೆ ಶುರುವಾಗಿತ್ತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು. ಮುಷ್ಕರ ಮುಗಿಯಿತು ಅಂತ ಯಾರೂ ಸಾರಲೇ ಇಲ್ಲ. ನಾನು ಬರುವಾಗ ಎಷ್ಟೋ ಮಿಲ್ಲುಗಳ ಗೇಟು ಮುಚ್ಚಿತ್ತು, ಮನುಷ್ಯರು ಮಾತ್ರ ಅಲ್ಲೇ ಇದ್ದರು. ಬೆಳಗ್ಗೆ ಏಳಕ್ಕೆ, ಹಳೆ ಪಾಳಿಯ ಹೊತ್ತಿಗೆ ಸರಿಯಾಗಿ ಬಂದು, ಇಬ್ಬರ ನಡುವೆ ಒಂದು ಕಟಿಂಗ್ ಚಾ (ಅರ್ಧ ಗ್ಲಾಸ್ ಚಹಾ) ಹೇಳಿ ಕೂರುತ್ತಿದ್ದರು. ಬೆರಳ ತುದಿ ಸುಮ್ಮನಿರುತ್ತಿರಲಿಲ್ಲ. ಕಡಿದ ನೂಲನ್ನು ಹೊಸೆದು ಸೇರಿಸುವ ಹಾಗೆ ಹೆಬ್ಬೆರಳು, ತೋರುಬೆರಳು ತಿಕ್ಕುತ್ತಲೇ ಇರುತ್ತಿದ್ದವು. ನಮ್ಮ ಯಜಮಾನರು ಒಂದು ದಿನವೂ 'ಅವರನ್ನು ಎಬ್ಬಿಸು' ಅಂದವರಲ್ಲ. ಬೇರೆ ವಿಷಯಕ್ಕೆ ಬೈಯುತ್ತಿದ್ದರು, ಅದು ಬಿಡಿ.

ಈಗ ಅಪ್ಪನಿಗೆ ತೋರಿಸಲು ಓಡುವ ಮಿಲ್ಲು ಸಿಗಲಿಕ್ಕಿಲ್ಲ. ಚಿಮಣಿ ಸಿಗುತ್ತದೆ. ದಾದರ್‌ನಿಂದ ವೆಸ್ಟರ್ನ್ ಸ್ಲೋ ಗಾಡಿಯಲ್ಲಿ ಪ್ರಭಾದೇವಿ, ಆಮೇಲೆ ಲೋವರ್ ಪರೇಲ್. ಅಲ್ಲಿ ಫೀನಿಕ್ಸ್ ಮಿಲ್ ಇದ್ದ ಜಾಗದಲ್ಲಿ ದೊಡ್ಡ ಮಾಲ್ ಆಗಿದೆ, ಮಿಲ್ಲಿನ ಚಿಮಣಿಯನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ. ಸೋಮವಾರ ಬೆಳಗ್ಗೆ ಆಫೀಸಿನವರ ನೂಕುನುಗ್ಗಲು ಕಳೆದ ಮೇಲೆ, ಹನ್ನೊಂದರ ಹೊತ್ತಿಗೆ ಹೋಗಿ. ಮಗಳಿಗೆ ಐಸ್‌ಕ್ರೀಂ ಕೊಡಿಸಿ, ಅಪ್ಪನನ್ನು ಚಿಮಣಿ ಕಾಣುವ ಕಡೆ ಕೂರಿಸಿ.

ಅಲ್ಲಿಂದ ಟ್ಯಾಕ್ಸಿಯಲ್ಲಿ ಮ್ಯೂಸಿಯಂ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. ಸೋಮವಾರವೂ ತೆರೆದಿರುತ್ತದೆ. ನಮ್ಮ ಐಹೊಳೆಯ ಗುಡಿಯ ಛಾವಣಿಯಿಂದ ಬಂದ ಬ್ರಹ್ಮನ ಕಲ್ಲು ಅಲ್ಲಿದೆ. ಊರಿನವರೊಬ್ಬರು ಸಿಕ್ಕ ಹಾಗಾಗುತ್ತದೆ, ನೋಡಿ. ಒಂದು ಮಾತು: ಬಾಂದ್ರಾ, ಸಯನ್ ದಾಟಿ ದಕ್ಷಿಣದ ಕಡೆಗೆ ಆಟೊ ಇಲ್ಲ. ಬೀದಿಯಲ್ಲಿ ನಿಂತು ಆಟೊಗೆ ಕೈ ತೋರಿಸುತ್ತಾ ಕಾಯಬೇಡಿ. ಕಾಲಿ ಪೀಲಿ, ಅಂದರೆ ಕಪ್ಪು ಹಳದಿ ಟ್ಯಾಕ್ಸಿ ಹಿಡಿದು ಮೀಟರ್ ಹಾಕಿಸಿ.

ಭಾನುವಾರ ಎಲಿಫೆಂಟಾ. ಬೆಳಗ್ಗೆ ಒಂಬತ್ತಕ್ಕೆಲ್ಲ ಗೇಟ್‌ವೇ ತಲುಪಿ, ಬೋಟಿನಲ್ಲಿ ಸುಮಾರು ಒಂದು ಗಂಟೆ. ಮಗಳ ಸಮುದ್ರವೂ ಅಲ್ಲೇ ಆಗಿಹೋಗುತ್ತದೆ. ಐಹೊಳೆ ಶಾಸನದಲ್ಲಿ ನಮ್ಮ ಇಮ್ಮಡಿ ಪುಲಕೇಶಿ ಹಡಗು ತಂದು ಗೆದ್ದ ಪುರಿ ಅಂತ ಬರುತ್ತದಲ್ಲ, ಅದು ಈ ಎಲಿಫೆಂಟಾ, ಅಂದರೆ ಘಾರಾಪುರಿಯೇ ಅಂತ ಕೆಲವು ಇತಿಹಾಸಕಾರರು ಹೇಳುತ್ತಾರೆ. ಬೋಟಿನಲ್ಲಿ ಮಗಳಿಗೆ ಆ ಕಥೆ ಹೇಳಿ, ಹೊತ್ತು ಹೋಗುತ್ತದೆ.

ಠಾಣೆ ಸೊಸೆ:

ಮಾಣಿ ಅಣ್ಣ, ಎಲಿಫೆಂಟಾದ ಮೆಟ್ಟಿಲು ಹೇಳಲೇ ಇಲ್ಲ ನೀವು! ನೂರಿಪ್ಪತ್ತರ ಹತ್ತಿರ ಇದೆ. ಹೊತ್ತುಕೊಂಡು ಹೋಗುವ ಡೋಲಿ ಸಿಗುತ್ತದೆ ನಿಜ, ಆದರೆ ನಮ್ಮ ಮಾವ ಅದರಲ್ಲಿ ಕೂರಲು ಒಪ್ಪದೆ ಎರಡು ಗಂಟೆ ಕೆಳಗೇ ಕೂತಿದ್ದರು. ಮಂಗಗಳು ಅವರ ಬಿಸ್ಕೆಟ್ ಪೊಟ್ಟಣವನ್ನೂ ಬಿಡಲಿಲ್ಲ.

ನಾನಾದರೆ ಎಲಿಫೆಂಟಾ ಬಿಟ್ಟುಬಿಡ್ತೀನಿ. ಗೇಟ್‌ವೇಯಲ್ಲೇ ಅರ್ಧ ಗಂಟೆ ಸಮುದ್ರದಲ್ಲಿ ಸುತ್ತಿಸಿ ತರುವ ಬೋಟು ಇದೆ, ಮಗುವಿಗೆ ಅಷ್ಟು ಸಾಕು. ಆಮೇಲೆ ಸಿಎಸ್‌ಎಂಟಿಯಿಂದ ನರಿಮನ್ ಪಾಯಿಂಟ್ ಕಡೆ ಹೋಗುವ ಎಸಿ ಡಬಲ್ ಡೆಕರ್ ಬಸ್ಸಿನ ಮೇಲಿನ ಮುಂದಿನ ಸೀಟು ಹಿಡಿಯಿರಿ. ಸಂಜೆ ಮರೀನ್ ಡ್ರೈವ್ ಕಟ್ಟೆ ಮೇಲೆ ಕೂತರೆ ಮುಗಿಯಿತು. ಕಾಸು ಖರ್ಚಿಲ್ಲ, ಮಂಡಿಗೂ ಕಷ್ಟ ಇಲ್ಲ.

ಟಿಕೆಟ್ ತೆಗೆಯುವ ಮೊದಲು ಇದನ್ನು ನೋಡಿಕೊಳ್ಳಿ: ಡಿಸೆಂಬರ್ 6 ಅಂಬೇಡ್ಕರ್ ಅವರ ಪರಿನಿರ್ವಾಣ ದಿನ. ದಾದರ್‌ನ ಚೈತ್ಯಭೂಮಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಆ ದಿನಕ್ಕೇ ಬರಬೇಕು ಅಂತಿದ್ದರೆ ಬನ್ನಿ, ನೋಡುವಂಥದ್ದೇ. ಊರು ಸುತ್ತಲು ಅಂತಾದರೆ ಇನ್ನೊಂದು ವಾರ ನೋಡಿ. ದಾದರ್‌ನಲ್ಲಿ ರೂಮೂ ಸಿಗಲ್ಲ.

ಮಾಟುಂಗಾ ಮಾಣಿ:

ಮೆಟ್ಟಿಲಿನ ಮಾತು ಒಪ್ಪಿದೆ, ತಪ್ಪು ನನ್ನದೇ. ನಾನು ಹೋಗಿ ಹದಿನೈದು ವರ್ಷ ಆಯಿತು, ಆಗ ನನ್ನ ಮಂಡಿ ಸರಿ ಇತ್ತು. ಆದರೆ ಗೇಟ್‌ವೇಯ ಅರ್ಧ ಗಂಟೆ ಬೋಟು ಬೇಡವೇ ಬೇಡ. ಹೋದ ಹಾಗೂ ಇಲ್ಲ, ಬಂದ ಹಾಗೂ ಇಲ್ಲ. ಡಬಲ್ ಡೆಕರ್ ಒಳ್ಳೆಯದು. ಡಿಸೆಂಬರ್ 6 ನನಗೆ ನೆನಪೇ ಆಗಿರಲಿಲ್ಲ.

ಬೆಣ್ಣೆದೋಸೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಟಿಕೆಟ್ ಎರಡನೇ ವಾರಾಂತ್ಯಕ್ಕೆ ತೆಗೆಯುತ್ತೇನೆ. ಎಲಿಫೆಂಟಾ ಸದ್ಯಕ್ಕೆ ಬಿಟ್ಟೆವು. ಮಗಳು ಮುಖ ಊದಿಸಿಕೊಂಡಿದ್ದಾಳೆ, ಡಬಲ್ ಡೆಕರ್ ಅಂದ ಮೇಲೆ ಸ್ವಲ್ಪ ಇಳಿದಿದೆ.

ಮಾಣಿ ಅಣ್ಣ, ನೀವು ಬರೆದದ್ದನ್ನು ಅಪ್ಪನಿಗೆ ಜೋರಾಗಿ ಓದಿ ಹೇಳಿದೆ. ಬೆರಳಿನ ವಿಷಯ ಬಂದಾಗ ತಮ್ಮ ಕೈ ನೋಡಿಕೊಂಡರು. ಏನೂ ಹೇಳಲಿಲ್ಲ. ಕೊನೆಗೆ ಕೇಳಿದ್ದು ಒಂದೇ: ಆ ಊಟದ ಹೋಟೆಲಿನ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇದೆಯಾ ಅಂತ.

ಮಾಟುಂಗಾ ಮಾಣಿ:

ಅಷ್ಟು ಸಲ ಹತ್ತಿದ್ದೇನೆ, ಗಮನಿಸಿಯೇ ಇಲ್ಲ ನೋಡಿ. ನಾಳೆ ಬೆಳಗ್ಗೆ ಹೂ ತರಲು ಆ ಕಡೆ ಹೋಗುತ್ತೇನೆ. ನೋಡಿಕೊಂಡು ಬಂದು ಹೇಳುತ್ತೇನೆ.