ಚಿಕ್ಕ ಸಬ್‌ಮರೀನ್‌ಗೆ ಹಳೇ ಸ್ಕೂಬಾ ಸಿಲಿಂಡರ್ ನಡೆಯುತ್ತಾ?

ಪ್ರಶ್ನೆ (ಕೋಡಿಬಾಗ, ಕಾರವಾರ):
ನಾನೂ ಅಣ್ಣನೂ ಮನೆ ಹಿಂದಿನ ಶೆಡ್ಡಿನಲ್ಲಿ ಇಬ್ಬರು ಕೂರುವ ಸಬ್‌ಮರೀನ್ ಕಟ್ಟುತ್ತಿದ್ದೇವೆ. ಮೇಲೇಳುವಾಗ ಬ್ಯಾಲಾಸ್ಟ್ ಟ್ಯಾಂಕಿನ (ಮುಳುಗಲು ನೀರು ತುಂಬಿಕೊಳ್ಳುವ ತೊಟ್ಟಿಯ) ನೀರನ್ನು ಗಾಳಿಯಿಂದ ಹೊರದಬ್ಬಲು ಮುಳುಗುಗಾರರು ಬಳಸುವ 11 ಲೀಟರಿನ ಹಳೇ ಅಲ್ಯೂಮಿನಿಯಂ ಸ್ಕೂಬಾ ಸಿಲಿಂಡರ್ ಸಿಕ್ಕಿದೆ. ವಾಲ್ವ್ ಬುಡದಲ್ಲಿ ಬಿಳಿ ಪುಡಿ ಕೂತಿದೆ, ಕೊನೆಯ ಟೆಸ್ಟ್ ಮೊಹರು 2014ರದು. ಉಜ್ಜಿ, ಪೇಂಟ್ ಹೊಡೆದು ಸೀಟಿನ ಹಿಂದೆ ಇಡೋಣ ಅಂತಿದ್ದೇವೆ.

ಉತ್ತರ 1:
ಮಾರಾಯಾ, ಪೇಂಟ್ ಹೊಡೆದರೆ ತೂತು ಮುಚ್ಚಲ್ಲ, ಕಣ್ಣಿಗೆ ಕಾಣದ ಹಾಗೆ ಆಗುತ್ತದೆ ಅಷ್ಟೇ. ಆ ಬಿಳಿ ಪುಡಿ ಉಪ್ಪುನೀರು ಅಲ್ಯೂಮಿನಿಯಂ ತಿಂದ ಗುರುತು. ವಾಲ್ವ್ ಬಿಚ್ಚಿಸಿ ಸಿಲಿಂಡರ್ ಕುತ್ತಿಗೆಯ ತಿರುಪು ಸುತ್ತುಗಳಲ್ಲಿ (ಥ್ರೆಡ್) ಬಿರುಕು ಇದೆಯಾ ನೋಡಿಸಿ, ಇದ್ದರೆ ಗುಜರಿಗೆ. ಇಲ್ಲದಿದ್ದರೂ 5 ವರ್ಷಕ್ಕೊಮ್ಮೆ ಆಗಬೇಕಾದ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಹಾಕಿ ನೋಡುವ ಪರೀಕ್ಷೆ) ಆಗದೆ ತುಂಬಿಸಬೇಡಿ.

ಉತ್ತರ 2:
ಸೀಟಿನ ಹಿಂದೆ ಅಂತೂ ಬೇಡವೇ ಬೇಡ. 200 ಬಾರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು) ತುಂಬಿದರೆ ಅದರಲ್ಲಿ ಸುಮಾರು 2,200 ಲೀಟರ್ ಗಾಳಿ. ಸಬ್‌ಮರೀನ್ ಒಳಗಿನ ಖಾಲಿ ಜಾಗ 1,100 ಲೀಟರ್ ಅಂದುಕೊಳ್ಳಿ, ಪೈಪ್ ಕಿತ್ತು ಎಲ್ಲಾ ಸೋರಿದರೆ ಒತ್ತಡ 2 ಬಾರ್ ಏರುತ್ತದೆ, ಅಂದರೆ ಕೂತಲ್ಲೇ 20 ಮೀಟರ್ ಆಳಕ್ಕೆ ಬಿದ್ದ ಹಾಗೆ, ಕಿವಿ ತಮಟೆ ಉಳಿಯುತ್ತಾ? ಸಿಲಿಂಡರನ್ನು ಸಬ್‌ಮರೀನ್ ಕವಚದ (ಹಲ್) ಹೊರಗೆ ಕಟ್ಟಿ.

ಪ್ರಶ್ನೆ ಕೇಳಿದವರು:
ಅಣ್ಣನಿಗೆ ಓದಿ ಹೇಳಿದೆ. ಪೇಂಟ್ ಡಬ್ಬಿ ವಾಪಸ್ ಕೊಡೋಕೆ ಹೋಗಿದ್ದಾನೆ.