ಆನೆ ಬಂತಾ?

ಕೊಡಗಿನ ಸಿದ್ದಾಪುರದ ಹತ್ತಿರ ಬೋಪುವಿನ ತೋಟದ ಮನೆ. ಮಳೆ ಬಿಟ್ಟಿತ್ತು, ಕರೆಂಟ್ ಬಂದಿರಲಿಲ್ಲ. ಬೇಸ್ ಗಿಟಾರ್ ತೊಡೆ ಮೇಲಿಟ್ಟುಕೊಂಡು ಬೋಪು ಶುರು ಮಾಡಿದ.

"ಫಂಕ್ ಕೇಳದೆ ಸತ್ತರೆ ಮುಕ್ತಿ ಇಲ್ಲ."

"ಈ ಚಳಿಗೆ ಪಂಕ ಯಾಕೆ ಮಾರಾಯ?" ಎಂದರು ಮೇಷ್ಟ್ರು.

"ಪಂಕ ಅಲ್ಲ ಮೇಷ್ಟ್ರೇ, ಫಂಕ್! ಅಮೆರಿಕದ ಕುಣಿಸೋ ಸಂಗೀತ. 1970ರಲ್ಲಿ ಬೇಸ್ ಬಾರಿಸೋ ಬೂಟ್ಸಿ ಕಾಲಿನ್ಸ್, ಫಂಕ್ ಹಾಡುಗಾರ ಜೇಮ್ಸ್ ಬ್ರೌನ್ ತಂಡಕ್ಕೆ ಸೇರಿದಾಗ ವಯಸ್ಸು 18. ಬೆರಳು ಸುಮ್ಮನಿರುತ್ತಿರಲಿಲ್ಲ. ಬ್ರೌನ್ ಹೇಳಿದ್ದು ಒಂದೇ: ತಾಳದ ಮೊದಲ ಪೆಟ್ಟು, ಅಂದರೆ 'ಒಂದು', ಸರಿಯಾಗಿ ಹಾಕು, ಆಮೇಲೆ ಏನು ಬೇಕಾದರೂ ಮಾಡು."

ಈ 'ಮೊದಲ ಪೆಟ್ಟು' ಬೋಪುವನ್ನು ಪೂರ್ತಿ ಕೆಡಿಸಿದೆ. ಮೊದಲು ಜಡಿಮಳೆ ಹಾಗೆ ಮಾತಾಡುತ್ತಿದ್ದ. ಈಗ ಅಂಗಡಿಗೆ ಹೋಗಿ "ಸಕ್ಕರೆ!" ಅಂತ ಗುದ್ದಿ ಹೇಳಿ ನಿಂತುಬಿಡುತ್ತಾನೆ. ಎಷ್ಟು ಅಂತ ಅಂಗಡಿಯವನು ಮೂರು ಸಲ ಕೇಳಬೇಕು. ಕೇಳಿದರೆ, ಆ ಖಾಲಿ ಜಾಗವೇ ಫಂಕ್ ಅಂತೆ.

"ಡ್ರಮ್ ಇಲ್ಲದೆ ಬರೀ ಬೇಸಾ? ಬೇಸರ ಆಗಲ್ವಾ?" ಎಂದೆ.

"ಲ್ಯಾರಿ ಗ್ರಹಾಂ ಅಂತ ಇನ್ನೊಬ್ಬ ಬೇಸ್ ವಾದಕ. ಅವನು ಅಮ್ಮನ ಜೊತೆ ಬಾರಿಸುತ್ತಿದ್ದಾಗ ಡ್ರಮ್ಮರ್ ಇರಲಿಲ್ಲ. ಅದಕ್ಕೇ ದಪ್ಪ ತಂತಿಯನ್ನು ಹೆಬ್ಬೆರಳಲ್ಲಿ ಗುದ್ದಿದ, ಅದು ದೊಡ್ಡ ಡ್ರಮ್. ಸಣ್ಣ ತಂತಿಯನ್ನು ಬೆರಳಲ್ಲಿ ಎಳೆದು ಬಿಟ್ಟ, ಅದು ಸ್ನೇರ್, ಚುರುಕು ಸದ್ದಿನ ಸಣ್ಣ ಡ್ರಮ್. ನೋಡಿ, ಹೀಗೆ."

ಕರೆಂಟಿಲ್ಲದ ಬೇಸ್ ಗಿಟಾರ್ ಅಂದರೆ ಬರೀ ಹಲಗೆ. ಟಕ್, ಟಿಕ್ ಅಂದಿತು ಅಷ್ಟೆ. ಬಿಡದೆ ಮೇಜಿನ ಮೇಲೇ ಹೆಬ್ಬೆರಳಿಂದ ಗುದ್ದಿ ತೋರಿಸಿದ. ಮೊದಲ ಪೆಟ್ಟಿಗೇ ಮೇಷ್ಟ್ರ ಕಾಪಿ ಲೋಟ ಅವರ ಮಡಿಲಿಗೆ ಬಂತು.

"ಇದಕ್ಕಿಂತ ನಮ್ಮ ವಾಲಗ ವಾಸಿ" ಎಂದರು ಮೇಷ್ಟ್ರು ಪಂಚೆ ಕೊಡವುತ್ತಾ. "ಮದುವೆ ಮನೇಲಿ ಕೂತಲ್ಲೇ ಕಾಲು ಕುಣಿಯುತ್ತೆ. ಯಾರೂ ಪಾಠ ಹೇಳಲ್ಲ."

"ಅದೇ! ಫಂಕೂ ಕಾಲಿಗೇ ಮೊದಲು ಅರ್ಥ ಆಗೋದು!"

ಆಗಲೇ ಕರೆಂಟ್ ಬಂತು. ಬೋಪು ಆಂಪ್ಲಿಫೈಯರ್ ಕಿವಿ ಪೂರ್ತಿ ತಿರುಗಿಸಿ ದಪ್ಪ ತಂತಿಗೆ ಗುದ್ದಿದ. ಸೆಕೆಂಡಿಗೆ 41 ಸಲ ನಡುಗುವ ತಂತಿ ಅದು. ಕಿಟಕಿ ಗಾಜು, ಗೋಡೆಯ ಕೋವಿ, ಮೇಷ್ಟ್ರ ಕನ್ನಡಕ ಎಲ್ಲವೂ ನಡುಗಿದವು.

ಒಳಗಿಂದ ಅವ್ವ ಕೂಗಿದರು: "ಬೋಪೂ, ಆನೆ ಬಂತಾ?"

ಆ ಕೂಗು ತೋಟದ ಕೆಲಸದವರ ಲೈನ್ ಮನೆಗಳಿಗೂ ಕೇಳಿತು. ಟಾರ್ಚುಗಳು ಹೊತ್ತಿಕೊಂಡವು, ತಗಡು ಬಡಿದರು. ಪಕ್ಕದ ತೋಟದಿಂದ 'ಢಂ' ಅಂತ ಪಟಾಕಿ ಸಿಡಿಯಿತು.

ಬೋಪುವಿನ ಮುಖ ಅರಳಿತು. "ಕೇಳಿದ್ರಾ? ಸರಿಯಾಗಿ ಒಂದರ ಮೇಲೇ ಬಿತ್ತು!"